ಹದಿನಾಲ್ಕು ಸಾಲಿನ ಜಾಗ

ಪತ್ರಿಕೆಯಲ್ಲಿ ಬಿಳಿ ಜಾಗ ಬಿಡಬಾರದು. ಪತ್ರಿಕೆಗಳನ್ನು ಪರಿಶೀಲಿಸುವ ಆ ಸರ್ಕಾರಿ ಕಚೇರಿಯ ಮೊದಲನೆಯ ನಿಯಮವೇ ಅದು. ಸುದ್ದಿ ಕೀಳುವುದೇನು ದೊಡ್ಡ ವಿದ್ಯೆಯಲ್ಲ, ಕೈಗೊಂದು ಕೆಂಪು ಪೆನ್ಸಿಲ್ ಕೊಟ್ಟರೆ ಯಾವ ಪೆದ್ದನೂ ಗೀಚುತ್ತಾನೆ. ಆದರೆ ಕಿತ್ತ ಜಾಗ ಖಾಲಿ ಉಳಿದರೆ ಓದುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹಿಂದೊಮ್ಮೆ ಹಾಗೆ ಖಾಲಿ ಬಿಟ್ಟು, ಊರಿಗೆ ಊರೇ ಆ ಖಾಲಿ ಜಾಗವನ್ನು ಓದಿ, ಇದ್ದದ್ದರ ಹತ್ತರಷ್ಟು ಊಹಿಸಿಕೊಂಡು ದೊಡ್ಡ ರಾದ್ಧಾಂತವಾಗಿತ್ತಂತೆ. ಅಲ್ಲಿಂದಾಚೆಗೆ, ಎಷ್ಟು ಸಾಲು ಕಿತ್ತರೋ ಅಷ್ಟೇ ಸಾಲಿನ ಇನ್ನೊಂದು ಬರಹವನ್ನು ಅಲ್ಲಿ ಕೂರಿಸಲು ಒಬ್ಬ ಮನುಷ್ಯ ಬೇಕಾದ. ಆ ಮನುಷ್ಯನನ್ನು ಕಚೇರಿಯಲ್ಲಿ ಎಲ್ಲರೂ ತೇಪೆ ಮೇಷ್ಟ್ರು ಎಂದು ಕರೆಯುತ್ತಿದ್ದರು.

ಮೇಷ್ಟ್ರು ನಿಜವಾಗಿಯೂ ಒಂದು ಕಾಲಕ್ಕೆ ಮೇಷ್ಟ್ರೇ. ನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಕೈಬರಹ ಮುತ್ತಿನ ಹಾಗಿತ್ತು, ಮಾತು ಕಡಿಮೆ, ಮೇಲಿನವರು ಹೇಳಿದ್ದಕ್ಕೆ ಎದುರಾಡುವ ಚಾಳಿ ಇಲ್ಲ. ಇಂಥವರನ್ನು ಸರ್ಕಾರ ಎಲ್ಲಿದ್ದರೂ ಹುಡುಕಿ ತೆಗೆಯುತ್ತದೆ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯಾಚೆ ಅದೇ ಗೋಡೆ. ಪಕ್ಕದಲ್ಲಿ ಉದ್ದನೆಯ ಮರದ ಬೀರು, ಅದರಲ್ಲಿ ಸಾಲು ಸಾಲು ಸೆಳೆಖಾನೆ. ಒಂದೊಂದರ ಮೇಲೂ ಒಂದೊಂದು ಅಂಕಿ: ಆರು, ಎಂಟು, ಹತ್ತು, ಹದಿನಾಲ್ಕು, ಇಪ್ಪತ್ತು. ಆರರ ಸೆಳೆಖಾನೆಯಲ್ಲಿ ಆರು ಸಾಲಿನ ಬರಹಗಳು, ಹದಿನಾಲ್ಕರದರಲ್ಲಿ ಹದಿನಾಲ್ಕು ಸಾಲಿನವು. ಚರ್ಮದ ಶೂ ಬಿರಿಯದಂತೆ ಕಾಪಾಡುವುದು ಹೇಗೆ. ಬಟ್ಟೆಗೆ ಬಿದ್ದ ಶಾಯಿ ತೆಗೆಯುವ ವಿಧಾನ. ಆನೆಯ ಕಿವಿ ಎಷ್ಟು ತೂಗುತ್ತದೆ. ಬೆನ್ನು ನೆಟ್ಟಗಿಟ್ಟು ಕೂರುವುದರ ಲಾಭ. ಎಲ್ಲ ಅವರೇ ಬರೆದದ್ದು. ಬಿಡುವಾದಾಗೆಲ್ಲ ಬರೆದು ತುಂಬಿಡುತ್ತಿದ್ದರು.

ದಿನಾ ಮಧ್ಯಾಹ್ನ ಮೂರಕ್ಕೆ ಪತ್ರಿಕೆಗಳವರು ಮರುದಿನದ ಪುಟಗಳನ್ನು ತಂದು ಕೊಡುತ್ತಿದ್ದರು. ಒಳಕೋಣೆಯ ಸಾಹೇಬರು ಓದಿ, ಬೇಡದ್ದಕ್ಕೆ ಕೆಂಪು ಗೆರೆ ಎಳೆದು ಇವರ ಮೇಜಿಗೆ ಕಳಿಸುವರು. ಇವರು ಸಾಲು ಎಣಿಸಿ, ಸೆಳೆಖಾನೆ ಎಳೆದು, ಒಂದು ಚೀಟಿ ತೆಗೆದು ಅಂಟಿಸಿದರೆ ಮುಗಿಯಿತು. ಏನು ಕಿತ್ತಿದ್ದಾರೆ ಎಂದು ಓದಬಾರದು, ಉದ್ದ ಮಾತ್ರ ನೋಡಬೇಕು. ಹಾಗೆಂದು ಅವರಿಗೆ ಕಲಿಸಿದವರು ಹಿಂದಿನ ತೇಪೆಯವರು. ಓದಿದರೆ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ ಎನ್ನುತ್ತಿದ್ದರಂತೆ ಆ ಪುಣ್ಯಾತ್ಮ.

"ಮೇಷ್ಟ್ರೇ, ನಿಮ್ಮಿಂದ ಈ ಊರಿನ ಶೂಗಳೆಲ್ಲ ಫಳಫಳ ಅಂತಿವೆ ನೋಡಿ," ಎಂದು ಸಾಹೇಬರು ಆಗಾಗ ಚಟಾಕಿ ಹಾರಿಸುವರು. "ಬೇರೆ ಇನ್ನೇನೂ ಹೊಳೀದೇ ಇದ್ರೂ."

ಮೇಷ್ಟ್ರು ನಕ್ಕು ಮುಂದಿನ ಪುಟ ಎಳೆದುಕೊಳ್ಳುವರು.

ಆ ಮಂಗಳವಾರವೂ ಹೀಗೇ ಆಯಿತು. ನಾಲ್ಕನೇ ಪುಟ, ಎಡಗಡೆಯ ಕೆಳಗಿನ ಮೂಲೆ, ಹದಿನಾಲ್ಕು ಸಾಲು. ಸಾಹೇಬರ ಗೆರೆ ಯಾವಾಗಲೂ ಒಂದೇ ಇರುತ್ತಿತ್ತು, ಅವತ್ತು ಅಡ್ಡಡ್ಡ ಮೂರು. ಬಾಗಿಲಲ್ಲಿ ಪತ್ರಿಕೆಯವನು ತಲೆಯ ಹೆಲ್ಮೆಟ್ ಕೂಡ ತೆಗೆಯದೆ ನಿಂತು, ಬೇಗ ಸಾರ್, ಬೇಗ ಸಾರ್ ಎನ್ನುತ್ತಿದ್ದ. ಹದಿನಾಲ್ಕರ ಸೆಳೆಖಾನೆ ಎಳೆದರೆ ಉಳಿದದ್ದು ಮೂರೇ ಚೀಟಿ. ಒಂದು ಹಳೆಯ ಛತ್ರಿಯ ಕಡ್ಡಿ ಸರಿಮಾಡುವುದರ ಬಗ್ಗೆ, ಒಂದು ಚಳಿಗಾಲದಲ್ಲಿ ಒಡೆಯುವ ಹಿಮ್ಮಡಿಯ ಬಗ್ಗೆ, ಒಂದು ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ತಣ್ಣೀರು ಕುಡಿಯುವುದರ ಬಗ್ಗೆ. ಮೇಷ್ಟ್ರ ಕೈ ಮೂರನೆಯದನ್ನು ಹಿಡಿಯಿತು. ಅಂಟಿಸಿದರು. ಪತ್ರಿಕೆಯವನು ಕಿತ್ತುಕೊಂಡು ಓಡಿದ.

ಆ ತಣ್ಣೀರಿನ ಚೀಟಿ ಬರೆದು ಏಳು ತಿಂಗಳಾಗಿತ್ತು. ಬರೆದಾಗ ಅದು ಹದಿಮೂರೇ ಸಾಲು ಬಂದಿತ್ತು. ಹದಿಮೂರಕ್ಕೆ ಸೆಳೆಖಾನೆ ಇಲ್ಲ. ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತು, ಕೊನೆಗೆ ಒಂದು ವಾಕ್ಯ ಸೇರಿಸಿದ್ದರು: ಕುದಿಸಿದ ನೀರಿನಲ್ಲಿ ಸತ್ವ ಕಡಿಮೆ, ಆದ್ದರಿಂದ ನಲ್ಲಿಯಿಂದ ಹಿಡಿದ ನೀರೇ ಉತ್ತಮ. ಎಲ್ಲಿಂದ ಬಂತು ಆ ಜ್ಞಾನ ಎಂದು ಕೇಳಿದರೆ ಎಲ್ಲಿಂದಲೂ ಇಲ್ಲ. ಸಾಲು ಭರ್ತಿಯಾಗಬೇಕಿತ್ತು, ಆಯಿತು.

ಅದೇ ಊರಿನ ಪೂರ್ವದ ಬಡಾವಣೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಿತ್ತು. ಅದರ ಮೇಲ್ವಿಚಾರಕಿ ಮೇಷ್ಟ್ರ ಸ್ವಂತ ಅಕ್ಕ. ಆರು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ಮೇಷ್ಟ್ರಿಗೆ ಏಳು ವರ್ಷ. ಅಂದಿನಿಂದ ತಲೆ ಬಾಚಿ, ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಮದುವೆಯ ಗೋಜಿಗೆ ಹೋಗಲಿಲ್ಲ. ಕೇಳಿದವರಿಗೆ, "ನನಗೆ ಗಂಡ ಇಲ್ಲ ಅಷ್ಟೆ, ಸಂಸಾರ ಇಲ್ಲ ಅಂದೋರು ಯಾರು? ನಲವತ್ತೆರಡು ಹೆಣ್ಮಕ್ಕಳು," ಎನ್ನುವಳು. ಐವತ್ತೆಂಟು ವರ್ಷದ ತಮ್ಮನನ್ನು ಎಲ್ಲರೆದುರು ಪುಟ್ಟ ಎಂದು ಕರೆಯುವಳು.

ತಮ್ಮನ ಕೆಲಸದ ಬಗ್ಗೆ ಅಕ್ಕನಿಗೆ ಗೊತ್ತಿದ್ದದ್ದು ಇಷ್ಟು: ಪತ್ರಿಕೆಗಳಿಗೆ ಸಣ್ಣಪುಟ್ಟ ಒಳ್ಳೆಯ ಮಾತು ಬರೆಯುತ್ತಾನೆ, ಸರ್ಕಾರ ಅದಕ್ಕೆ ಸಂಬಳ ಕೊಡುತ್ತದೆ. ಕೆಳಗೆ ಹೆಸರಿಲ್ಲದಿದ್ದರೂ ಅವನ ಮಾತಿನ ಧಾಟಿ ಅವಳಿಗೆ ಪತ್ತೆಯಾಗುತ್ತಿತ್ತು. ಕತ್ತರಿಸಿ, ಊಟದ ಹಾಲಿನ ಗೋಡೆಯಲ್ಲಿದ್ದ ಹಲಗೆಗೆ ಅಂಟಿಸಿ, ಮಕ್ಕಳಿಗೆ ಓದಿ ಹೇಳುವಳು. ಆ ಹಾಸ್ಟೆಲ್ಲಿನ ಹುಡುಗಿಯರಷ್ಟು ಬೆನ್ನು ನೆಟ್ಟಗಿಟ್ಟು ಕೂರುವ ಹುಡುಗಿಯರು ಊರಿನಲ್ಲೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ತಣ್ಣೀರಿನ ಚೀಟಿ ಹಲಗೆಗೇರಿತು. ಇಪ್ಪತ್ತು ವರ್ಷದಿಂದ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಆರಿಸಿ ಕೊಡುತ್ತಿದ್ದ ಅಕ್ಕ, ಅಂದು ಆ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಮಕ್ಕಳು ಸಾಲಾಗಿ ನಿಂತು ನಲ್ಲಿ ನೀರು ತಲಾ ಎರಡು ಲೋಟ ಕುಡಿದರು. ಲೋಟ ಜೋಡಿಸುವ ಪಾಳಿ ಆ ವಾರ ಆರನೇ ತರಗತಿಯ ಒಬ್ಬಳದು. ದರ್ಜಿ ಹೆಂಗಸಿನ ಮಗಳು. ಓಟದ ಪಂದ್ಯ ಹತ್ತಿರ ಬಂದಿತ್ತು, ಸತ್ವ ಬರಲಿ ಎಂದು ಅವಳು ದಿನಾ ಮೂರು ಲೋಟ ಕುಡಿದಳು.

ಎಂಟನೆಯ ದಿನಕ್ಕೆ ಮಕ್ಕಳು ಮಲಗಿದರು. ಮೊದಲು ಐದು, ಸಂಜೆಗೆ ಹತ್ತೊಂಬತ್ತು, ಮರುದಿನ ಮೂವತ್ತೊಂದು. ವಾಂತಿ, ಭೇದಿ, ಜ್ವರ. ಆಸ್ಪತ್ರೆಯ ವರಾಂಡದಲ್ಲಿ ಹಾಸಿಗೆ ಹಾಕಿದರು. ಮೂವತ್ತು ಮಕ್ಕಳು ಎದ್ದು ಕೂತರು. ಲೋಟ ಜೋಡಿಸುತ್ತಿದ್ದವಳು ಏಳಲಿಲ್ಲ.

ಆ ಸುದ್ದಿಯೂ ಮೂರು ಗಂಟೆಗೆ ಮೇಷ್ಟ್ರ ಮೇಜಿಗೆ ಬಂತು. ಹಾಸ್ಟೆಲ್ ಬಾಲಕಿ ಸಾವು, ನೀರಿನ ಶಂಕೆ. ಆರು ಸಾಲು, ಮೇಲೆ ಕೆಂಪು ಗೆರೆ. ಬೆಳಿಗ್ಗೆಯೇ ಅಕ್ಕನ ಫೋನು ಬಂದಿತ್ತು, ಅವರಿಗೆ ಎಲ್ಲ ಗೊತ್ತಿತ್ತು. ಮೇಷ್ಟ್ರು ಆರರ ಸೆಳೆಖಾನೆ ಎಳೆದರು, ಒಂದು ಚೀಟಿ ತೆಗೆದರು, ಅಂಟಿಸಿದರು. ಬಾಚಣಿಗೆ ತೊಳೆಯುವ ಕ್ರಮದ ಚೀಟಿ. ಅಂಟು ಆರಲಿ ಎಂದು ಅದರ ಮೇಲೆ ಒತ್ತಿ ಹಿಡಿದ ಅಂಗೈಯನ್ನು, ಸಾಹೇಬರು ಬಂದು ಭುಜ ಮುಟ್ಟಿ, "ಸಾಕು ಮೇಷ್ಟ್ರೇ, ಅಂಟಿದೆ," ಎನ್ನುವವರೆಗೆ ತೆಗೆಯಲಿಲ್ಲ.

ಮರುದಿನ ಒಂದು ಸುದ್ದಿಗೆ ಮಾತ್ರ ಯಾವ ಗೆರೆಯೂ ಬೀಳಲಿಲ್ಲ. ನೀರು ಕುದಿಸದೆ ಕೊಟ್ಟ ಹಾಸ್ಟೆಲ್ ಮೇಲ್ವಿಚಾರಕಿಯ ನಿರ್ಲಕ್ಷ್ಯ, ಸೋಮವಾರ ವಿಚಾರಣೆ ಎಂಬ ಸುದ್ದಿ. ಅದು ಮೇಲಿನಿಂದಲೇ ಬಂದದ್ದು. ಮುಖಪುಟದಲ್ಲಿ ಹಾಕಿ ಎಂಬ ಸೂಚನೆಯೂ ಜೊತೆಗಿತ್ತು.

ಮೇಷ್ಟ್ರು ಶನಿವಾರ ಅಕ್ಕನಲ್ಲಿಗೆ ಹೋದರು. ಮಕ್ಕಳನ್ನೆಲ್ಲ ಮನೆಗೆ ಕಳಿಸಿದ್ದರು. ಹಾಲಿನಲ್ಲಿ ಬೆಂಚುಗಳನ್ನು ಮಗುಚಿಟ್ಟಿದ್ದರು. ಅಕ್ಕ ಅಡುಗೆಮನೆಯಲ್ಲಿ ನಲವತ್ತೆರಡು ಲೋಟಗಳನ್ನೂ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು ಎಂದರೂ ಸರಿ.

"ಬಂದ್ಯಾ ಪುಟ್ಟ. ಕೂತ್ಕೋ. ಟೀ ಇಡ್ತೀನಿ. ನೀರು ಕುದಿಸಿದ್ದೇ, ಹೆದರಬೇಡ."

ಮೇಷ್ಟ್ರು ಗೋಡೆಯ ಹಲಗೆ ನೋಡಿದರು. ಶೂ ಇತ್ತು, ಆನೆಯ ಕಿವಿ ಇತ್ತು. ನಡುವೆ ಒಂದು ಚೌಕ ಮಾತ್ರ ಖಾಲಿ, ಅಂಟಿನ ಕಲೆ.

"ಅದನ್ನ ಒಲೆಗೆ ಹಾಕಿದೆ," ಎಂದಳು ಅಕ್ಕ, ಅವರು ನೋಡಿದ್ದನ್ನು ನೋಡಿ. "ವಿಚಾರಣೆಯವರು ಬಂದು ಯಾಕಮ್ಮ ನೀರು ಕುದಿಸೋದು ನಿಲ್ಲಿಸಿದೆ ಅಂದ್ರು. ಗ್ಯಾಸ್ ಖಾಲಿಯಾಗಿತ್ತು, ಇನ್ನೊಂದು ತರಿಸೋಕೆ ಸೋಮಾರಿತನ ಮಾಡಿದೆ ಅಂತ ಬರೆದುಕೊಟ್ಟೆ."

"ಯಾಕಕ್ಕ ಹಾಗೆ ಬರೆದುಕೊಟ್ಟೆ?"

"ಇನ್ನೇನನ್ನಲಿ? ನನ್ನ ತಮ್ಮ ಬರೆದದ್ದು ಓದಿ ನಿಲ್ಲಿಸಿದೆ ಅನ್ನಲಾ? ರಿಟೈರಾಗೋಕೆ ಇನ್ನೊಂದೂವರೆ ವರ್ಷ ಇದೆ ನಿನಗೆ. ನಾನು ಹೇಗೂ ಮುದುಕಿ, ಇವತ್ತಲ್ಲ ನಾಳೆ ಮನೆಗೆ ಹೋಗೋಳು." ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಆದ್ರೂ ನೀನು ಯಾವ ಪುಸ್ತಕದಲ್ಲಿ ನೋಡಿದ್ಯೋ ಅದನ್ನ? ಸತ್ವ ಕಡಿಮೆ ಅಂತ. ಸ್ವಲ್ಪ ವಿಚಾರಿಸಿ ಬರೀಬೇಕಪ್ಪ. ಜನ ಓದ್ತಾರೆ."

ಟೀ ಬಂತು, ಮೇಷ್ಟ್ರು ಕುಡಿದರು.

"ಜೈಲಿಗೆ ಹಾಕ್ತಾರಂತಾ ಅಕ್ಕ?"

"ಹಾಕಲಿ ಬಿಡು. ಅಲ್ಲೂ ಯಾರಾದ್ರೂ ಲೋಟ ತೊಳೀಬೇಕಲ್ಲ." ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. "ಆ ಮಗುವಿನ ತಾಯಿ ಬಂದು ನನ್ನನ್ನ ಒಂದು ಮಾತೂ ಬೈಲಿಲ್ಲ ಕಣೋ. ಮಗಳ ಪೆಟ್ಟಿಗೆ ಎತ್ಕೊಂಡು ಹೋದ್ಲು. ಬೈದಿದ್ರೆ ತಡ್ಕೋಬಹುದಿತ್ತು."

ಮೇಷ್ಟ್ರು ಅವತ್ತೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತು, ಕಿತ್ತ ಸುದ್ದಿ ನಾನು ಓದಿರಲಿಲ್ಲ, ಉದ್ದ ಮಾತ್ರ ನೋಡಿದ್ದೆ, ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಅಂಟಿಸಿದೆ ಎಂದು ತಮಗೆ ತಾವೇ ಹೇಳಿಕೊಂಡರು. ನಾಲ್ಕು ನಿಲ್ದಾಣದುದ್ದಕ್ಕೂ ಹೇಳಿಕೊಂಡರು. ಐದನೆಯದರಲ್ಲಿ ಇಳಿದು ಮನೆಗೆ ಬಂದರೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಹೆಂಡತಿ ಬಾಯಿಗೆ ಬಂದದ್ದನ್ನು ತಡೆಯುವವಳಲ್ಲ. ಮೂವತ್ತು ವರ್ಷದಿಂದ ಗಂಡನ ಮೌನಕ್ಕೂ ಸೇರಿಸಿ ಇವಳೇ ಮಾತಾಡಿದವಳು.

"ಅಕ್ಕ ಹೇಗಿದ್ದಾರೆ?"

"ಇದ್ದಾಳೆ."

"ಒಂದು ಕೇಳ್ತೀನಿ, ಕೋಪ ಮಾಡ್ಕೋಬಾರದು. ಆ ಮಂಗಳವಾರ ನೀವು ಮನೆಗೆ ಬಂದು ಚಪ್ಪಲಿ ಬಿಡೋಕೂ ಮುಂಚೆ, ಇನ್ಮೇಲೆ ನೀರು ಕುದಿಸಿಯೇ ಕುಡೀಬೇಕು ಅಂದ್ರಿ. ಯಾಕೆ ಅಂತ ಕೇಳಿದೆ. ಸುಮ್ನೆ ಅಂದ್ರಿ. ನೆನಪಿದೆಯಾ?"

ಮೇಷ್ಟ್ರು ಚಪ್ಪಲಿ ಬಿಡುತ್ತಿದ್ದವರು ಬಗ್ಗಿಯೇ ಇದ್ದರು.

"ನಮ್ಮನೆಗೆ ಬರೋದು ಅಕ್ಕನ ಹಾಸ್ಟೆಲ್ ಕಡೆ ಟ್ಯಾಂಕಿನ ನೀರು ಕೂಡ ಅಲ್ಲ," ಎಂದಳು ಅವಳು. "ಆದ್ರೂ ಕುದಿಸಿದೆ. ಇಷ್ಟು ದಿನಾನೂ ಕುದಿಸ್ತಾ ಇದ್ದೀನಿ. ನೆನ್ನೆ ಪಾತ್ರೆ ಇಡುವಾಗ ಹೊಳೀತು ನೋಡಿ. ನಿಮಗೆ ಗೊತ್ತಿತ್ತು."

"ನಿಂಗೇನು ಗೊತ್ತು ಕಚೇರಿ ವಿಷಯ."

"ನನಗೆ ಕಚೇರಿ ವಿಷಯ ಗೊತ್ತಿಲ್ಲ. ನೀವು ಗೊತ್ತು." ಅವಳ ದನಿ ಏರಲಿಲ್ಲ. ಏರಿದ್ದರೆ ಮೇಷ್ಟ್ರು ಎದ್ದು ಹೊರಗೆ ಹೋಗಬಹುದಿತ್ತು. "ಸೋಮವಾರ ಅಕ್ಕನ್ನ ಏನು ಮಾಡ್ತಾರೋ ಮಾಡಲಿ. ಆಮೇಲೆ ನೀವು ಯಾವ ಮುಖ ಹೊತ್ಕೊಂಡು ಆ ಮನೆ ಟೀ ಕುಡೀತೀರ ಅಂತ ಯೋಚನೆ ನನಗೆ."

"ಇವತ್ತೂ ಕುಡಿದು ಬಂದೆ," ಎಂದರು ಮೇಷ್ಟ್ರು.

ಅವಳು ಒಳಗೆ ಹೋದಳು. ಆಮೇಲೆ ಎರಡು ದಿನ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಓದಿದ್ದರು. ಹೌದು, ಓದಿದ್ದರು. ಮೂರು ಗೆರೆ ಯಾಕೆ ಎಳೆದಿದ್ದಾರೆ ಎಂಬ ಕುತೂಹಲಕ್ಕೆ ಮೊದಲನೇ ಸಾಲಿನಿಂದ ಹದಿನಾಲ್ಕನೇ ಸಾಲಿನವರೆಗೆ ಓದಿದ್ದರು. ಪೂರ್ವದ ನೀರಿನ ಟ್ಯಾಂಕಿಗೆ ಚರಂಡಿಯ ಕೊಳಚೆ ಸೇರುತ್ತಿದೆ, ಪ್ರಯೋಗಾಲಯದಲ್ಲಿ ಮೂರು ಬಾರಿ ದೃಢಪಟ್ಟಿದೆ, ಹತ್ತು ನಿಮಿಷ ಕುದಿಸದೆ ಯಾರೂ ಆ ನೀರನ್ನು ಕುಡಿಯಬಾರದು, ಮಕ್ಕಳಿಗಂತೂ ಕೊಡಲೇಬಾರದು. ಮುಂದಿನ ತಿಂಗಳು ಆ ಟ್ಯಾಂಕಿನ ಉದ್ಘಾಟನೆಯ ವರ್ಷಾಚರಣೆ ಇತ್ತು, ದೊಡ್ಡವರು ಬರುವವರಿದ್ದರು. ಅದಕ್ಕೇ ಮೂರು ಗೆರೆ. ಆಮೇಲೆ ಸೆಳೆಖಾನೆಯಲ್ಲಿ ಮೂರು ಚೀಟಿಗಳ ನಡುವೆ ಕೈ ನೀರಿನದಕ್ಕೇ ಹೋದದ್ದು ಯಾಕೆಂದರೆ ತಲೆಯಲ್ಲಿ ನೀರೇ ತುಂಬಿತ್ತು. ಸಾಲು ಸರಿಯಾಗಿತ್ತು. ಒಳಗೇನಿದೆ ಎಂದು ತಿರುಗಿ ನೋಡಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ತಮ್ಮ ಚೀಟಿಗಳನ್ನೇ ಎರಡನೇ ಸಲ ಓದಿದವರಲ್ಲ.

ಸೋಮವಾರ ಹನ್ನೊಂದಕ್ಕೆ ಹಾಸ್ಟೆಲ್ಲಿನ ಊಟದ ಹಾಲಿನಲ್ಲೇ ವಿಚಾರಣೆ. ಮೂರು ಜನ: ಬೆಳ್ಳಿ ಚೌಕಟ್ಟಿನ ಕನ್ನಡಕದ ಅಧ್ಯಕ್ಷರು, ಒಬ್ಬ ಡಾಕ್ಟರಮ್ಮ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಒಂದು ಕಡೆ ಅಕ್ಕ, ಇಸ್ತ್ರಿ ಮಾಡಿದ ಸೀರೆಯುಟ್ಟು, ಬೆನ್ನು ನೆಟ್ಟಗಿಟ್ಟು ಕೂತಿದ್ದಳು. ಹಿಂದಿನ ಬೆಂಚಿನಲ್ಲಿ ಸತ್ತ ಹುಡುಗಿಯ ತಾಯಿ. ಕೆಲಸದಿಂದಲೇ ಎದ್ದು ಬಂದಿದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮೇಷ್ಟ್ರು ರಜೆ ಹಾಕಿರಲಿಲ್ಲ. ಕಚೇರಿಗೆಂದು ಹೊರಟವರು ಬೇರೆ ಬಸ್ಸು ಹತ್ತಿ ಇಲ್ಲಿ ಇಳಿದಿದ್ದರು.

ಅಕ್ಕ ಗ್ಯಾಸಿನ ಕತೆ ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದಳು. ಅಧ್ಯಕ್ಷರಿಗೆ ಬೇಕಾದದ್ದೂ ಅಷ್ಟೇ. "ಸರಿ, ಸಹಿ ಹಾಕಿ," ಎಂದರು.

"ಅದು ಸುಳ್ಳು," ಎಂದರು ಮೇಷ್ಟ್ರು.

ತಾವು ಎದ್ದು ನಿಂತಿದ್ದೇವೆ ಎಂಬುದು ಅವರಿಗೇ ಆಗ ಗೊತ್ತಾಯಿತು.

"ನೀವ್ಯಾರು?"

"ಇವರ ತಮ್ಮ."

"ತಮ್ಮ ಅಂದ್ಮೇಲೆ ಅಕ್ಕನ ಪರ ಹೇಳೇ ಹೇಳ್ತೀರ. ಕೂತ್ಕೊಳ್ಳಿ."

"ಪತ್ರಿಕೆ ಪರಿಶೀಲನೆ ಕಚೇರೀಲಿ ಕೆಲಸ ನನಗೆ. ಈ ಟ್ಯಾಂಕಿನ ನೀರು ಕುಡೀಬೇಡಿ ಅಂತ ಎರಡನೇ ತಾರೀಖು ಸುದ್ದಿ ಬರಬೇಕಾಗಿತ್ತು. ನಮ್ಮ ಕಚೇರೀಲಿ ತೆಗೆದ್ವಿ. ಆ ಜಾಗಕ್ಕೆ, ನಲ್ಲಿ ನೀರೇ ಒಳ್ಳೇದು, ಕುದಿಸಿದ್ದಲ್ಲ ಅಂತ ನಾನು ಬರೆದದ್ದನ್ನ ನಾನೇ ಅಂಟಿಸಿದೆ. ಅದನ್ನ ಓದಿ ಅಕ್ಕ ಕುದಿಸೋದು ಬಿಟ್ಟಳು."

ಗುಮಾಸ್ತನ ಪೆನ್ನು ಓಡುತ್ತಿತ್ತು. ಅಧ್ಯಕ್ಷರು ಹಾಳೆಯ ಮೇಲೆ ಬೆರಳಿಟ್ಟರು.

"ಇದನ್ನ ಬರೀಬೇಡಿ."

"ಮೂರು ಸಾಲು ಬರೆದುಬಿಟ್ಟೆ ಸಾರ್."

"ಹೊಡೆದು ಹಾಕಿ."

"ಹೊಡೆದ್ರೆ ಹೊಡೆದದ್ದು ಕಾಣುತ್ತೆ ಸಾರ್."

"ಹಾಗಾದ್ರೆ ಹಾಳೆ ಬದಲಾಯಿಸ್ರೀ. ಅದನ್ನೂ ನಾನು ಹೇಳಿಕೊಡಬೇಕಾ?"

ಗುಮಾಸ್ತ ಹೊಸ ಹಾಳೆ ತೆಗೆದ. ಡಾಕ್ಟರಮ್ಮ ಏನೋ ಕೇಳಲು ಬಾಯಿ ತೆರೆದು, ಅಧ್ಯಕ್ಷರ ಮುಖ ನೋಡಿ, ತಮ್ಮ ಪೆನ್ನಿನ ಮುಚ್ಚಳ ಹಾಕಿಕೊಂಡರು. ಅಧ್ಯಕ್ಷರು ಫೋನು ಹಿಡಿದು ಹೊರಗಿನ ವರಾಂಡಕ್ಕೆ ಹೋದರು.

ಅಕ್ಕ ಮಾತ್ರ ಕೂತಲ್ಲಿಂದಲೇ ತಮ್ಮನ ಕಡೆ ತಿರುಗಿದಳು.

"ನೀನು ಅದನ್ನ ಓದಿದ್ಯಾ? ತೆಗೆದು ಹಾಕಿದ್ರಲ್ಲ, ಅದನ್ನ?"

"ಓದಿದೆ."

"ಪೂರ್ತಿ?"

"ಪೂರ್ತಿ."

"ಎಷ್ಟು ಹೊತ್ತಿಗೆ?"

"ಮೂರೂಕಾಲಿಗೆ."

ಅಕ್ಕ ಲೆಕ್ಕ ಹಾಕುವವಳ ಹಾಗೆ ಕಣ್ಣು ಸಣ್ಣ ಮಾಡಿದಳು. "ಅವತ್ತು ಏಳು ಗಂಟೆಗೆ ನಿನಗೆ ಫೋನ್ ಮಾಡಿದ್ದೆ. ಮಂಡಿನೋವಿಗೆ ಹಚ್ಚೋ ಎಣ್ಣೆ ಯಾವುದು ಅಂತ ಕೇಳೋಕೆ. ಹತ್ತು ನಿಮಿಷ ಮಾತಾಡಿದ್ವಿ. ಬಿಸಿ ಮಾಡಿ ಹಚ್ಚು ಅಂದೆ ನೀನು. ಎಣ್ಣೇನ ಬಿಸಿ ಮಾಡು ಅಂತ ಎರಡು ಸಲ ಅಂದೆ."

"ಫೋನು ಕದ್ದು ಕೇಳಿಸ್ಕೋತಾರೆ ಅಕ್ಕ. ನೀನು ಹೇಗೂ ಕುದಿಸೇ ಕೊಡ್ತೀಯ ಅಂದ್ಕೊಂಡೆ..."

"ಅಷ್ಟು ಹೊತ್ತೂ ನಿನ್ನ ಬಾಯೊಳಗೇ ಇತ್ತಲ್ಲೋ ಅದು."

ಅಕ್ಕ ಗುಮಾಸ್ತನ ಕಡೆ ತಿರುಗಿ, ಮೇಜಿನ ಮೇಲಿದ್ದ ಪೆನ್ನನ್ನು ಅವನ ಕಡೆಗೇ ತಳ್ಳಿ, "ನಾನು ಸಹಿ ಹಾಕಲ್ಲಪ್ಪ. ಗ್ಯಾಸ್ ಇತ್ತು. ಅರ್ಧ ಸಿಲಿಂಡರ್ ಈಗಲೂ ಇದೆ, ಬೇಕಾದ್ರೆ ಎತ್ತಿ ನೋಡು," ಎಂದಳು.

"ಸಹಿ ಹಾಕದಿದ್ರೆ ಕೆಲಸ ಹೋಗುತ್ತಮ್ಮ," ಎಂದ ಗುಮಾಸ್ತ ಮೆಲ್ಲಗೆ. ಪಾಪದವನು, ಬೆದರಿಸಿದ್ದಲ್ಲ.

"ಹಾಕಿದ್ರೂ ಹೋಗುತ್ತೆ."

ಹಿಂದಿನ ಬೆಂಚು ಸದ್ದು ಮಾಡಿತು. ದರ್ಜಿ ಹೆಂಗಸು ಎದ್ದು ಮೇಷ್ಟ್ರ ಮುಂದೆ ಬಂದು ನಿಂತಳು. ಬಡಿಯುತ್ತಾಳೆ ಎಂದುಕೊಂಡರು ಅವರು. ಬಡಿಯಲಿ ಎಂದು ಕೈ ಇಳಿಬಿಟ್ಟು ನಿಂತರು. ಅವಳು ಬಡಿಯಲಿಲ್ಲ.

"ನಮ್ಮ ಬೀದಿಗೂ ಅದೇ ಟ್ಯಾಂಕಿನ ನೀರು," ಎಂದಳು. "ಇವತ್ತು ಬೆಳಿಗ್ಗೇನೂ ಬಂತು. ಹಿಡಿದಿಟ್ಟು ಬಂದಿದ್ದೀನಿ. ಮನೇಲಿ ಇನ್ನೊಂದಿದೆ ನನಗೆ, ಸಣ್ಣದು."

"ಕುದಿಸಿ ಕೊಡಿ ತಾಯಿ. ಹತ್ತು ನಿಮಿಷ."

"ನಾನು ಕುದಿಸ್ತೀನಿ. ಬೀದಿಯೋರು? ಪೇಪರಲ್ಲಿ ಟ್ಯಾಂಕಿನ ಮಾತೇ ಇಲ್ಲ, ಈ ಅಮ್ಮನ ನಿರ್ಲಕ್ಷ್ಯ ಅಂತ ಬಂದಿದೆ. ನಾನು ಹೇಳಿದ್ರೆ ಮಗಳು ಸತ್ತ ದುಃಖಕ್ಕೆ ಏನೇನೋ ಅಂತಾಳೆ ಅಂತಾರೆ. ನೀವು ಬಂದು ಹೇಳಿ."

ಮೇಷ್ಟ್ರು ಅಕ್ಕನನ್ನು ನೋಡಿದರು.

"ನನ್ನ ಮುಖ ಏನು ನೋಡ್ತೀಯ. ಹೋಗು," ಎಂದಳು ಅಕ್ಕ. ಪುಟ್ಟ ಎನ್ನಲಿಲ್ಲ.

ದರ್ಜಿಯ ಬೀದಿ ಅಲ್ಲಿಂದ ಎರಡು ತಿರುವು. ಒತ್ತೊತ್ತಾಗಿ ಕಟ್ಟಿದ ಮನೆಗಳು, ಎರಡೂ ಕಡೆ ಸೇರಿ ನಲವತ್ತರ ಸುಮಾರು. ಒಂದೊಂದು ಮನೆಯ ಮುಂದೆಯೂ ನೀಲಿ ಡ್ರಮ್ಮು. ಮೊದಲನೆಯ ಬಾಗಿಲನ್ನು ಅವಳೇ ತಟ್ಟಿದಳು. ಸೈಕಲ್ ರಿಪೇರಿಯವನು ಬನಿಯನ್ನಿನಲ್ಲೇ ಬಂದ.

"ಈ ನೀರು ಕುದಿಸದೆ ಕುಡೀಬೇಡಿ," ಎಂದರು ಮೇಷ್ಟ್ರು. "ಟ್ಯಾಂಕಿಗೆ ಚರಂಡಿ ಸೇರಿದೆ."

"ಯಾರಂದ್ರು?"

"ಪ್ರಯೋಗಾಲಯದೋರು. ಪೇಪರಲ್ಲಿ ಬರಬೇಕಿತ್ತು."

"ಬಂದಿಲ್ವಲ್ಲ? ನಾನು ದಿನಾ ಓದ್ತೀನಿ."

ಪಕ್ಕದಲ್ಲಿ ನಿಂತವಳು ಕಾಯುತ್ತಿದ್ದಳು.

"ನಾನು ತೆಗೆದೆ," ಎಂದರು ಮೇಷ್ಟ್ರು. "ಅದು ನನ್ನ ಕೆಲಸ. ತೆಗೆದು ಬೇರೆ ಏನೋ ಹಾಕಿದೆ."

ಸೈಕಲ್ಲಿನವನು ಇವರನ್ನು ನೋಡಿದ, ಅವಳನ್ನು ನೋಡಿದ, ಒಳಗೆ ಹೆಂಡತಿಯನ್ನು ಕೂಗಿ ಹಿಡಿದ ನೀರು ಚೆಲ್ಲು ಎಂದ. ಬಾಗಿಲು ಹಾಕಿಕೊಂಡ.

ಎರಡನೆಯ ಮನೆಯಲ್ಲಿ ಕಿವಿ ಮಂದವಾದ ಒಬ್ಬ ಅಜ್ಜ. ಅವನಿಗೆ ಎಲ್ಲವನ್ನೂ ಕೂಗಿ ಹೇಳಬೇಕಾಯಿತು. ನಾನು ತೆಗೆದೆ ಎಂಬುದನ್ನೂ ಬೀದಿಗೆಲ್ಲ ಕೇಳುವಂತೆ ಎರಡು ಸಲ ಕೂಗಿದರು. ಮೂರನೆಯ ಮನೆಯವಳು ಕಂಕುಳಲ್ಲಿ ಮಗು ಎತ್ತಿಕೊಂಡು ಬಂದವಳು, ಪೂರ್ತಿ ಕೇಳುವ ಮೊದಲೇ ಮಗುವಿನ ಬಾಯಿಂದ ಬಾಟಲಿ ಕಿತ್ತಳು. ಮಗು ಅತ್ತಿತು.

ನಾಲ್ಕನೆಯ ಬಾಗಿಲಲ್ಲಿ ಮೇಷ್ಟ್ರು ಸ್ವಲ್ಪ ಜಾರಿಕೊಳ್ಳಲು ನೋಡಿದರು. "ಮೇಲಿನೋರು ಆ ಸುದ್ದಿ ತೆಗೆಸಿದ್ರು," ಎಂದರು.

"ಸರಿಯಾಗಿ ಹೇಳಿ," ಎಂದಳು ದರ್ಜಿ ಹೆಂಗಸು.

ಸರಿಯಾಗಿ ಹೇಳಿದರು. ಓದಿದ್ದನ್ನೂ ಹೇಳಿದರು, ಮನೆಗೆ ಹೋಗಿ ತಮ್ಮ ನೀರು ಕುದಿಸಿಕೊಂಡದ್ದನ್ನೂ ಹೇಳಿದರು. ಕೇಳುತ್ತಿದ್ದ ಮುದುಕಿ, ನೆನ್ನೆಯಷ್ಟೇ ಹಳ್ಳಿಯಿಂದ ಮಗನ ಮನೆಗೆ ಬಂದವಳು, ಬಾಗಿಲ ಚೌಕಟ್ಟು ಹಿಡಿದು, "ಹಾಗಾದ್ರೆ ಆ ಹಾಸ್ಟೆಲ್ ಮಗು ಸತ್ತದ್ದು ಇದರಿಂದಾನೇ?" ಎಂದಳು. "ಯಾರ ಮಗುವಮ್ಮ ಅದು?"

"ನಂದು," ಎಂದಳು ಪಕ್ಕದವಳು.

ಮುದುಕಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಉಗುಳುತ್ತಾಳೆ ಎನಿಸಿತು. ಉಗುಳದೆ ಸೀದಾ ಒಳಗೆ ಹೋದಳು, ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿಸಿತು.

ಒಂಬತ್ತನೆಯ ಮನೆಯಿಂದ ಹೊರಬರುವಾಗ ಬೀದಿಯ ತುದಿಯಲ್ಲಿ ಪೊಲೀಸ್ ಜೀಪೊಂದು ತಿರುಗಿತು. ಡ್ರಮ್ಮುಗಳು ಅಡ್ಡವಿದ್ದವು, ಚಾಲಕ ಹಾರನ್ ಹೊಡೆದು ನಿಲ್ಲಿಸಿದ. ಯಾರೋ ಇಳಿದು ಡ್ರಮ್ಮು ಸರಿಸತೊಡಗಿದರು. ಇಲ್ಲಿಗೆ ಮುಗಿಯಿತಲ್ಲ ಎಂದು ಮೇಷ್ಟ್ರಿಗೆ ಒಳಗೆ ಎಲ್ಲೋ ಒಂದು ಕಡೆ ಹಗುರವಾಯಿತು. ಅದಕ್ಕೆ ಅವರಿಗೇ ನಾಚಿಕೆಯಾಯಿತು.

"ಅವರು ಇಲ್ಲಿಗೆ ಬರೋಷ್ಟರಲ್ಲಿ ಇನ್ನೊಂದು ಮನೆ ಆಗುತ್ತೆ," ಎಂದಳು ದರ್ಜಿ ಹೆಂಗಸು. ಮುಂದಿನ ಬಾಗಿಲನ್ನು ತಟ್ಟಿದಳು.

ಒಳಗಿನಿಂದ, "ಯಾರು?" ಎಂದರು.

ಮೇಷ್ಟ್ರು ಹೇಳತೊಡಗಿದರು.